ಒಗೆದಾಗ ಎದ್ದು ಬಂದ ಚಿತ್ತಾರ: 60 ತಾಂಬೂಲದ ಚೀಲಗಳ ಪ್ರಕರಣ

ನನ್ನ ಹೊಲಿಗೆ ಮೆಷಿನ್ನಿನ ಪಕ್ಕದ ಮೊಳೆಗೆ ಒಂದು ಸಣ್ಣ ಚೀಲ ನೇತುಹಾಕಿದ್ದೇನೆ. ಕೆಮ್ಮಣ್ಣಿನ ಬಣ್ಣದ್ದು. ಮೇಲೆ ಬಿಳಿ ಗೆರೆಗಳ ಚಿತ್ತಾರ ಇತ್ತು. ಈಗ ಅರ್ಧ ಇದೆ, ಅರ್ಧ ಇಲ್ಲ. ಬೆರಳಲ್ಲಿ ಉಜ್ಜಿದರೆ ಉಳಿದದ್ದೂ ಹೊಟ್ಟಿನ ಹಾಗೆ ಉದುರುತ್ತದೆ. ಚೀಲಕ್ಕೆ ಆರ್ಡರ್ ಕೊಡಲು ಬಂದವರ ಕಣ್ಣು ಮೊದಲು ಹೋಗುವುದು ಅದರ ಮೇಲೇ. "ಇದ್ಯಾಕೆ ಹಿಂಗಾಗಿದೆ?" ಅಂತ ಕೇಳುತ್ತಾರೆ.

ಯಾಕೆ ಹಾಗಾಯಿತು ಅಂತ ಪತ್ತೆ ಮಾಡಲು ನನಗೆ ಮೂರು ದಿನ ಬೇಕಾಯಿತು. ಪೆನ್ನಿನಲ್ಲಿ ಬಟ್ಟೆಯ ಮೇಲೆ ಬರೆಯುವವರು ಈಗ ತುಂಬಾ ಜನ ಇದ್ದೀರಿ. ಚೀಲ, ಪೌಚು, ಟೋಪಿ, ಶಾಲು, ಮಕ್ಕಳ ಬಟ್ಟೆ ಬೂಟು, ಏನೇ ಇರಲಿ, ಈ ತೊಂದರೆ ನಿಮಗೂ ಬಂದೇ ಬರುತ್ತದೆ. ಹಾಗಾಗಿ ಲೆಕ್ಕದ ಸಮೇತ ಬರೆಯುತ್ತಿದ್ದೇನೆ.

ಆರ್ಡರ್

ನಾನು ಶಿವಮೊಗ್ಗದಲ್ಲಿ ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಬ್ಲೌಸು, ಫಾಲ್ಸು, ನಡುವೆ ಚೀಲಗಳು. ನಾದಿನಿ ಹೊಸ ಮನೆ ಕಟ್ಟಿಸಿದಳು. ಶ್ರಾವಣದಲ್ಲಿ ಗೃಹಪ್ರವೇಶ. ಬಂದ ಹೆಂಗಸರಿಗೆ ಎಲೆ, ಅಡಿಕೆ, ಕಾಯಿ, ಬ್ಲೌಸ್ ಪೀಸ್ ಹಾಕಿ ಕೊಡಲು 60 ಚೀಲ ಬೇಕಿತ್ತು. ಪೇಟೆಯಲ್ಲಿ ಸಿಗುವ ಬಣ್ಣಬಣ್ಣದ ಚೀಲವನ್ನೇ ತರುವುದು ಅಂತ ಮೊದಲು ಯೋಚನೆ ಮಾಡಿದ್ದಳು. ಬಟ್ಟೆ ಥರ ಕಾಣುತ್ತದಲ್ಲ, ಆ ನಾನ್ ವೋವನ್ ಚೀಲ. ಅದು ಬಟ್ಟೆ ಅಲ್ಲ, ಪಾಲಿಪ್ರೊಪಿಲೀನ್. ಅಂದರೆ ಪ್ಲಾಸ್ಟಿಕ್ಕೇ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧ ಬಂದಿದ್ದು 2016ರಲ್ಲಿ. ಅದಾದ ಮೇಲೂ ಇದು ಬಟ್ಟೆಯ ವೇಷದಲ್ಲಿ ಎಲ್ಲ ಸಮಾರಂಭಗಳಿಗೂ ಬರುತ್ತಲೇ ಇದೆ. ನನಗೆ ಅದರ ಮೇಲೆ ಇನ್ನೊಂದು ಸಿಟ್ಟೂ ಇದೆ. ಅದರ ಮೇಲೆ ಏನಾದರೂ ಬರೆದು ಇಸ್ತ್ರಿ ಹಾಕಲು ಆಗುವುದಿಲ್ಲ. ಸುಮಾರು 160 ಡಿಗ್ರಿಗೆ ಅದು ಕರಗುತ್ತದೆ. ಇಸ್ತ್ರಿಪೆಟ್ಟಿಗೆಯನ್ನು ಕಾಟನ್ ಗುರುತಿಗೆ ತಿರುಗಿಸಿದರೆ 200ರ ಹತ್ತಿರ ಹೋಗುತ್ತದೆ. ಒಂದು ಸಲ ಮಾಡಿ ನೋಡಿದ್ದೇನೆ. ಇಸ್ತ್ರಿಪೆಟ್ಟಿಗೆ ಉಜ್ಜುವಷ್ಟರಲ್ಲಿ ಅರ್ಧ ದಿನ ಹೋಗಿತ್ತು.

"ಬಟ್ಟೆಯದ್ದೇ ಮಾಡಿ ಕೊಡ್ತೀನಿ ಇರು" ಅಂದೆ. ದೇವರ ಚಿತ್ರ ಬೇಡ ಅಂತ ಇಬ್ಬರೂ ಒಪ್ಪಿದೆವು. ತಾಂಬೂಲದ ಚೀಲ ಕೊನೆಗೆ ಎಲ್ಲಿ ಹೋಗುತ್ತದೆ ಅಂತ ಗೊತ್ತಲ್ಲ. ಕರಿಬೇವು ತುಂಬಿ ಫ್ರಿಜ್ಜಿಗೆ, ಇಲ್ಲವೇ ಸ್ಕೂಟರಿನ ಡಿಕ್ಕಿಗೆ. ಗಣಪತಿಯನ್ನು ಅಲ್ಲಿಗೆ ಕಳಿಸಲು ಮನಸ್ಸಾಗಲಿಲ್ಲ. "ಹಂಗಾದ್ರೆ ನಮ್ಮೂರ ಕಡೆ ಚಿತ್ತಾರನೇ ಬರೀರಿ ಅತ್ತಿಗೆ" ಅಂದಳು.

ಚೀಲಕ್ಕೆ 150 ರೂಪಾಯಿಯಂತೆ ಮಾತಾಯಿತು. ಕೈಯಲ್ಲಿ 24 ದಿನ ಇತ್ತು.

ಬುಟ್ಟಿಯಿಂದ ಚೀಲಕ್ಕೆ

ಚಿತ್ತಾರ ಅಂದರೆ ಸಾಗರ, ಸೊರಬ, ಸಿದ್ದಾಪುರದ ಕಡೆ ದೀವರು ಅನ್ನುವ ಸಮುದಾಯದ ಹೆಂಗಸರು ಗೋಡೆಯ ಮೇಲೆ ಬರೆಯುವುದು. ಕೆಮ್ಮಣ್ಣು ಬಳಿದ ಗೋಡೆ. ಅಕ್ಕಿ ನೆನೆಸಿ ಅರೆದ ಹಿಟ್ಟಿನ ಬಿಳಿ. ಸುಟ್ಟ ಅಕ್ಕಿಯ ಕಪ್ಪು. ಗುರಿಗೆ ಕಾಯಿಯ ಹಳದಿ. ಕುಂಚ ಪುಂಡಿ ನಾರಿನದು. ಎಲ್ಲವೂ ನೇರ ಗೆರೆ. ಒಂದರ ಪಕ್ಕ ಒಂದು ಎಳೆ, ಅಡ್ಡ, ಉದ್ದ, ಓರೆ. ಮದುವೆಯಲ್ಲಿ ಗಂಡು ಹೆಣ್ಣು ಕೂರುವ ಕಡೆ ಬರೆಯುವುದು ಹಸೆ ಗೋಡೆ ಚಿತ್ತಾರ. ನಾನು ದೀವರವಳಲ್ಲ. ಆದರೆ ತವರಿನ ಪಕ್ಕದ ಮನೆಯ ಅಜ್ಜಿ ಬರೆಯುವಾಗ ಅವರ ಬೆನ್ನ ಹಿಂದೆ ಕೂತು ಬೆಳೆದವಳು.

ಬರೆಯುವ ಮೊದಲು ಆ ಅಜ್ಜಿಗೆ ಫೋನ್ ಮಾಡಿದೆ. "ಹಸೆ ಬರೀಬೇಡ ಮಗಾ, ಅದು ಮದ್ವಿಗೆ. ಬುಟ್ಟಿದು ಬರಿ" ಅಂದರು. ಬುಟ್ಟಿ ಅಂದರೆ ಭೂಮಣ್ಣಿ ಬುಟ್ಟಿ. ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯುವ ಬುಟ್ಟಿ. ಪೈರು ಹೊಡೆ ತುಂಬಿದ ಕಾಲ, ಭೂಮಿ ಬಸುರಿ, ಅವಳಿಗೆ ಬಯಕೆ ಊಟ. ಆ ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು, ಒಣಗಿಸಿ, ಮೇಲೆ ಬಿಳಿ ಚಿತ್ತಾರ ಬರೆಯುತ್ತಾರೆ. ಅಜ್ಜಿ ಹೇಳಿದ್ದು ಸರಿಯಾಗಿಯೇ ಇತ್ತು. ಬುಟ್ಟಿಯೂ ತುಂಬಿಸಿ ಕೊಡುವ ವಸ್ತು, ಚೀಲವೂ ಅದೇ. ಬುಟ್ಟಿಯ ಸುತ್ತ ಬರುವ ಪಟ್ಟಿಯನ್ನೇ ಚೀಲದ ಎದುರಿಗೆ ಮೂರು ಸಾಲು ಮಾಡಿಕೊಂಡೆ. ಪ್ರತಿ ಚೀಲದ ಒಳಗೂ ಸಣ್ಣ ಚೀಟಿ ಇಟ್ಟೆ: ಇದು ಮಲೆನಾಡಿನ ದೀವರ ಹೆಂಗಸರ ಚಿತ್ತಾರ, ಬುಟ್ಟಿಯ ಮೇಲೆ ಬರೆಯುವಂಥದ್ದು. ಇಷ್ಟಾದರೂ ಹೇಳಬೇಕು ಅಲ್ವಾ.

ಬಟ್ಟೆ, ಪೆನ್ನು

ಗೋಡೆಯ ಬಣ್ಣವೇ ಬೇಕು ಅಂತ ಕೆಮ್ಮಣ್ಣಿನ ಬಣ್ಣದ ಕೇಸ್‌ಮೆಂಟ್ ಬಟ್ಟೆ, ಅಂದರೆ ಸಾದಾ ನೇಯ್ಗೆಯ ದಪ್ಪ ಹತ್ತಿ ಬಟ್ಟೆ, ಹುಡುಕಿದೆ. ಮೊದಲ ಸಲ 3 ಮೀಟರ್ ತಂದೆ, ನೋಡೋಣ ಅಂತ. ಮೀಟರಿಗೆ 4 ಚೀಲ ಬಂತು. ಬ್ಲೌಸಿನ ಲೈನಿಂಗ್ ಬಟ್ಟೆಯನ್ನು ನೆನೆಸಿ ಒಣಗಿಸಿಯೇ ಕತ್ತರಿಸುವ ಅಭ್ಯಾಸ ಇರುವುದರಿಂದ ಇದನ್ನೂ ಒಗೆದು ಒಣಗಿಸಿದೆ. ಅದರಲ್ಲಿ 12 ಚೀಲ. ಚೆನ್ನಾಗಿ ಬಂತು. ಆಮೇಲೆ ಅದೇ ಬಣ್ಣದ 12 ಮೀಟರ್ ಬೇರೆ ಅಂಗಡಿಯಲ್ಲಿ ಸಿಕ್ಕಿತು. ಈ ಎರಡನೇ ಕಂತಿನ ಬಟ್ಟೆ ಮುಟ್ಟಿದರೆ ಗರಿಗರಿ. ಕತ್ತರಿ ಹಾಕಿದರೆ ನೇರ ಹೋಗುತ್ತಿತ್ತು. ಚೀಲ ಹೊಲಿದು ಮೇಜಿನ ಮೇಲಿಟ್ಟರೆ ತಾನಾಗಿಯೇ ನಿಲ್ಲುತ್ತಿತ್ತು. "ಕುಗ್ಗುತ್ತಾ?" ಅಂತ ಅಂಗಡಿಯವರನ್ನು ಕೇಳಿದೆ. "ಇಲ್ಲ ಮೇಡಂ, ಒಗೆಯೋದೇ ಬೇಡ" ಅಂದರು. ಹೊರಗೆ ಶ್ರಾವಣದ ಮಳೆ. ಒಗೆದರೆ ಎಲ್ಲಿ ಒಣಗಿಸುವುದು? ಅವರು ಹೇಳಿದ್ದು ಕುಗ್ಗುವ ವಿಷಯಕ್ಕೆ. ನಾನು ಅದನ್ನು ಎಲ್ಲದಕ್ಕೂ ಅನ್ವಯ ಮಾಡಿಕೊಂಡೆ.

ಪೆನ್ನಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅಂಗಡಿಯಲ್ಲಿ "ಬಟ್ಟೆ ಮೇಲೆ ಬರೆಯೋ ಮಾರ್ಕರ್" ಅಂತ ಕೇಳಿದರೆ ಮೂರು ಜಾತಿಯದ್ದು ಕೊಡುತ್ತಾರೆ. ಒಂದು ಸಾದಾ ಪರ್ಮನೆಂಟ್ ಮಾರ್ಕರ್. ಸ್ಪಿರಿಟ್ಟಿನಲ್ಲಿ ಕರಗಿಸಿದ ಬಣ್ಣ, ಬಟ್ಟೆಗೆ ತಾಗಿದ ಕೂಡಲೇ ಹರಡುತ್ತದೆ. ಇನ್ನೊಂದು ಎಣ್ಣೆಯ ಪೇಂಟ್ ಮಾರ್ಕರ್. ಕಬ್ಬಿಣ, ಗಾಜಿಗೆ ಒಳ್ಳೆಯದು. ಬಟ್ಟೆಯ ಮೇಲೆ ಗೆರೆಯ ಸುತ್ತ ಎಣ್ಣೆಯ ಕಲೆ ಬಿಡುತ್ತದೆ, ವಾಸನೆಗೆ ತಲೆ ಸಿಡಿಯುತ್ತದೆ. ಮೂರನೆಯದು ನೀರಿನ ಪೇಂಟ್ ಮಾರ್ಕರ್. ನಮಗೆ ಬೇಕಾಗಿದ್ದು ಇದೇ. ಜಪಾನಿನ ಮಿತ್ಸುಬಿಷಿ ಪೆನ್ಸಿಲ್ ಕಂಪನಿ 1983ರಲ್ಲಿ ತಂದ ಪೋಸ್ಕಾ ಈ ಜಾತಿಯಲ್ಲಿ ಹೆಸರು ಮಾಡಿದ್ದು. ಆ ಕಂಪನಿಗೂ ಕಾರಿನ ಮಿತ್ಸುಬಿಷಿಗೂ ಸಂಬಂಧ ಇಲ್ಲ, ಗುರುತು ಮಾತ್ರ ಒಂದೇ ಥರ. ಈಗ ನಮ್ಮಲ್ಲೂ ಅಕ್ರಿಲಿಕ್ ಮಾರ್ಕರ್ ಅಂತ ಬೇಕಾದಷ್ಟು ಸಿಗುತ್ತವೆ.

ಗಾಢ ಬಣ್ಣದ ಬಟ್ಟೆಯ ಮೇಲೆ ಬಿಳಿ ಕಾಣಬೇಕಾದರೆ ಪೇಂಟೇ ಆಗಬೇಕು. ಸಾದಾ ಫ್ಯಾಬ್ರಿಕ್ ಪೆನ್ನಿನ ಬಣ್ಣ ತೆಳು ಚಹಾದ ಹಾಗೆ, ಕೆಳಗಿನ ಬಣ್ಣ ಹಾಗೇ ಕಾಣುತ್ತದೆ. ಪೇಂಟಿನಲ್ಲಿ ಬಿಳಿ ಪುಡಿ ಇರುತ್ತದೆ, ಅದು ಭಾರ, ಪೆನ್ನಿನ ತಳಕ್ಕೆ ಇಳಿದು ಕೂರುತ್ತದೆ. ಹಾಗಾಗಿ ಒಳಗೊಂದು ಗುಂಡು ಇಟ್ಟಿರುತ್ತಾರೆ. ಟಕಟಕ ಅಂತ ಅಲುಗಿಸಿಯೇ ಬರೆಯಬೇಕು. ನಾಲ್ಕು ಗೆರೆಗೊಮ್ಮೆ ಮುಚ್ಚಳ ಹಾಕಿ ಅಲುಗಿಸುತ್ತಿದ್ದೆ. ಅತ್ತೆಗೆ ಮಧ್ಯಾಹ್ನದ ನಿದ್ದೆ ಇಲ್ಲದಾಯಿತು.

ನಿಬ್ಬಿನ ದಪ್ಪ ಇನ್ನೊಂದು ವಿಷಯ. 0.7 ಮಿಲಿಮೀಟರಿನದು ಕಾಗದಕ್ಕೆ ಚೆಂದ. ಬಟ್ಟೆಯ ಮೇಲೆ ಎಳೆಯಿಂದ ಎಳೆಗೆ ಹಾರುತ್ತದೆ, ಹತ್ತಿಯ ನವಿರು ಸಿಕ್ಕಿಕೊಂಡು ಕಟ್ಟುತ್ತದೆ. 2 ಮಿಲಿಮೀಟರಿನ ಆಸುಪಾಸಿನದು ಗೆರೆ ಸರಾಗ ಬರುತ್ತದೆ, ಆದರೆ ಚಿತ್ತಾರದ ಎಳೆಗಳ ನಡುವಿನ ಜಾಗ ಮುಚ್ಚಿಹೋಗುತ್ತದೆ. 1 ಮಿಲಿಮೀಟರಿನ ಹತ್ತಿರದ್ದು ಸರಿಹೋಯಿತು. ಪುಂಡಿ ನಾರಿನ ಕುಂಚದ ಗೆರೆಯಲ್ಲಿ ಒಂದು ಕಡೆ ದಪ್ಪ, ಒಂದು ಕಡೆ ತೆಳು ಅಂತ ಜೀವ ಇರುತ್ತದೆ. ಪೆನ್ನಿನಲ್ಲಿ ಅದು ಬರುವುದಿಲ್ಲ. ಎಷ್ಟು ಪ್ರಯತ್ನ ಪಟ್ಟರೂ ಬರಲಿಲ್ಲ.

ಬರೆದ ರೀತಿ

ಚೀಲದ ಒಳಗೆ ರಟ್ಟು ಇಡುತ್ತಿದ್ದೆ, ಬಣ್ಣ ಹಿಂದಿನ ಪದರಕ್ಕೆ ಇಳಿಯಬಾರದು ಅಂತ. ಗುರುತಿಗೆ ಟೈಲರ್ ಚಾಕ್‌ಪೀಸು. ಬ್ಲೌಸಿನ ಎಂಬ್ರಾಯ್ಡರಿಯವರು ಚುಚ್ಚಿದ ಕಾಗದದ ಮೇಲೆ ಸೀಮೆಎಣ್ಣೆ ಕಲಸಿದ ಪುಡಿ ಉಜ್ಜಿ ಡಿಸೈನ್ ಇಳಿಸುತ್ತಾರಲ್ಲ, ಅದು ಇಲ್ಲಿ ಬೇಡ. ಎಣ್ಣೆಯ ಅಂಶ ಉಳಿದರೆ ನೀರಿನ ಬಣ್ಣ ಹಿಡಿಯುವುದಿಲ್ಲ. ನಾನು ಒಣ ಸೀಮೆಸುಣ್ಣದ ಪುಡಿಯನ್ನೇ ತಟ್ಟಿದೆ.

ಆಮೇಲೆ ಒಂದು ಉಪಾಯ ತಾನಾಗಿ ಹೊಳೆಯಿತು. ಬಟ್ಟೆಯ ನೇಯ್ಗೆಯೇ ಸ್ಕೇಲು. ಕಸೂತಿಯವರು ಎಳೆ ಎಣಿಸಿ ಹೊಲಿಯುವ ಹಾಗೆ, ನಿಬ್ಬನ್ನು ಒಂದು ಹೊಕ್ಕಿನ ಎಳೆಗೆ ತಾಗಿಸಿ ಅದರ ಜೊತೆಗೇ ಎಳೆದುಕೊಂಡು ಹೋದರೆ ಗೆರೆ ಓರೆಯಾಗುವುದೇ ಇಲ್ಲ. ಓರೆ ಗೆರೆಗಳಿಗೆ ಮಾತ್ರ ಚಾಕ್‌ಪೀಸು ಬೇಕು. ಒಂದು ಚೀಲಕ್ಕೆ 35 ನಿಮಿಷ ಹಿಡಿಯುತ್ತಿತ್ತು.

ಗರಿಗರಿ ಬಟ್ಟೆಯ ಮೇಲೆ ಬರೆಯುವುದು ಎಷ್ಟು ಸುಖ ಅಂತೀರಿ! ಮೊದಲ 12 ಚೀಲಗಳಲ್ಲಿ ಗೆರೆಯ ಅಂಚು ಸ್ವಲ್ಪ ನವಿರೆದ್ದ ಹಾಗೆ ಇತ್ತು. ಒಗೆದ ಬಟ್ಟೆ ಬಣ್ಣ ಕುಡಿಯುತ್ತದೆ, ಹಾಗಾಗಿ ಎರಡು ಸಲ ಎಳೆಯಬೇಕಿತ್ತು. ಎರಡನೇ ಕಂತಿನದರಲ್ಲಿ ಗೆರೆ ಕತ್ತರಿಸಿ ಅಂಟಿಸಿದ ಹಾಗೆ ನಿಂತಿತು. ಬಿಳಿ ಒಂದೇ ಸಲಕ್ಕೆ ಹಾಲಿನ ಹಾಗೆ. ಫೋಟೋ ತೆಗೆದು ಎಲ್ಲರಿಗೂ ಕಳಿಸಿದ್ದು ಇವನ್ನೇ. ನಾದಿನಿಗೆ ನೋಡಲು ಒಂದು ಚೀಲ ಕೊಟ್ಟಾಗಲೂ ಇದರಲ್ಲೇ ಚೆನ್ನಾಗಿರುವುದನ್ನು ಆರಿಸಿ ಕೊಟ್ಟೆ.

ಫೋನು

15ನೇ ದಿನ ಬೆಳಿಗ್ಗೆ. "ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ಆ ಚೀಲದಲ್ಲಿ ಸೊಪ್ಪು ತಂದಿದ್ದೆ, ಮಣ್ಣಾಯ್ತು ಅಂತ ಮೆಷಿನ್‌ಗೆ ಹಾಕಿದೆ. ಚಿತ್ತಾರ ಎಲ್ಲಾ ಸಿಪ್ಪೆ ಸಿಪ್ಪೆ ಎದ್ದಿದೆ. ನಮ್ಮನೆಯವರ ಕರಿ ಪ್ಯಾಂಟ್ ಮೇಲೆಲ್ಲ ಬಿಳಿ ಹೊಟ್ಟು."

ಆಗ ನನ್ನ ಹತ್ತಿರ ಇದ್ದ ಲೆಕ್ಕ ಇಷ್ಟು. ಮೊದಲ ಕಂತಿನ 12 ಚೀಲ ಪೂರ್ತಿ ಆಗಿದ್ದವು. ಎರಡನೇ ಕಂತಿನಲ್ಲಿ ಆ ಸ್ಯಾಂಪಲ್ ಸೇರಿ 26 ಬರೆದಾಗಿತ್ತು. ಇನ್ನು 22 ಕತ್ತರಿಸಿ ಇಟ್ಟಿದ್ದೆ, ಹೊಲಿದಿರಲಿಲ್ಲ. ಉಳಿದಿದ್ದು 9 ದಿನ.

ಮೊದಲು ಬೈದಿದ್ದು ಪೆನ್ನಿಗೆ. ಆಮೇಲೆ ಮೆಷಿನ್ನಿಗೆ. ಒರಗಿತ್ತಿ ಬಂದವಳು "ಇಸ್ತ್ರಿ ಸರಿಯಾಗಿ ಹಾಕಿಲ್ಲ ನೀನು" ಅಂದಳು. ಅದೂ ಇರಬಹುದು ಅನ್ನಿಸಿತು. ಮಳೆಗಾಲದಲ್ಲಿ ಬಣ್ಣ ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಹಸಿ ಇರುತ್ತದೆ. ಹಸಿಯಿದ್ದಾಗಲೇ ಇಸ್ತ್ರಿ ಹಾಕಿದ್ದು ಎರಡು ಮೂರು ಸಲ ಇತ್ತು.

ಆಗ ನೆನಪಾಗಿದ್ದು, ಮೊದಲ 12 ಚೀಲಗಳಲ್ಲಿ ಒಂದನ್ನು ನಾನೇ ದಿನಾ ತರಕಾರಿಗೆ ಒಯ್ಯುತ್ತಿದ್ದೇನೆ. ಎರಡು ಸಲ ಕಲ್ಲಿನ ಮೇಲೆ ಒಗೆದಿದ್ದೇನೆ. ಅದಕ್ಕೆ ಏನೂ ಆಗಿಲ್ಲ. ಅದೇ ಪೆನ್ನು, ಅದೇ ಇಸ್ತ್ರಿಪೆಟ್ಟಿಗೆ, ಅದೇ ಕೈ. ಬೇರೆಯಾಗಿದ್ದು ಬಟ್ಟೆ ಮಾತ್ರ.

ಆರು ತುಂಡು

ಚಿಂದಿ ಬುಟ್ಟಿಯಲ್ಲಿ ಎರಡೂ ಕಂತಿನ ತುಂಡುಗಳಿದ್ದವು. ಆರು ತುಂಡು ತೆಗೆದುಕೊಂಡು, ಎಲ್ಲದರ ಮೇಲೂ ಒಂದೇ ಪೆನ್ನಿನಲ್ಲಿ ಒಂದೇ ಥರ ಐದೈದು ಗೆರೆ ಎಳೆದು, ಮೂಲೆಗೆ ನಂಬರ್ ಹಾಕಿದೆ. 1, 2, 3 ಗರಿಗರಿ ಬಟ್ಟೆ. 4, 5, 6 ಒಗೆದ ಬಟ್ಟೆ. ಒಂದು ರಾತ್ರಿ ಫ್ಯಾನಿನ ಕೆಳಗೆ. 1ಕ್ಕೂ 4ಕ್ಕೂ ಇಸ್ತ್ರಿ ಇಲ್ಲ. 2ಕ್ಕೂ 5ಕ್ಕೂ ಹಿಂಬದಿಯಿಂದ 3 ನಿಮಿಷ, ಕಾಟನ್ ಬಿಸಿಯಲ್ಲಿ, ಆವಿ ಇಲ್ಲದೆ. 3ಕ್ಕೆ ಸಿಟ್ಟಿನಿಂದ 10 ನಿಮಿಷ. 6ರಲ್ಲಿ ಒಂದೇ ಗೆರೆಯ ಮೇಲೆ ಮೂರು ಸಲ ಎಳೆದು ದಪ್ಪ ಮಾಡಿ, 3 ನಿಮಿಷ ಇಸ್ತ್ರಿ. ಮತ್ತೊಂದು ದಿನ ಬಿಟ್ಟು ಸೋಪಿನ ಪುಡಿ ಹಾಕಿದ ತಣ್ಣೀರಲ್ಲಿ ಅರ್ಧ ಗಂಟೆ ನೆನೆಸಿ, ಕಲ್ಲಿನ ಮೇಲೆ ಲೆಕ್ಕ ಇಟ್ಟು 20 ಸಲ ಉಜ್ಜಿದೆ.

1ನೆಯದು ಪೂರ್ತಿ ಹೋಯಿತು, ಬಟ್ಟೆಯ ಮೇಲೆ ಗೆರೆ ಇತ್ತು ಅನ್ನುವ ಗುರುತು ಮಾತ್ರ. 2ನೆಯದು ಅರ್ಧ ಎದ್ದು ಬಂತು, ನಾದಿನಿಯ ಚೀಲದ ಹಾಗೇ. 10 ನಿಮಿಷ ಸುಟ್ಟ 3ನೆಯದೂ ಅಷ್ಟೇ. ಬಟ್ಟೆಗೆ ಹೊಳಪು ಬಂದಿದ್ದೊಂದೇ ಲಾಭ. 4ನೆಯದಕ್ಕೆ ಇಸ್ತ್ರಿಯೇ ಇಲ್ಲ, ಆದರೂ ಗೆರೆ ನಿಂತಿತ್ತು. ಮಂಕಾಗಿತ್ತು, ತುದಿಗಳು ಮಾಸಿದ್ದವು. 5ನೆಯದಕ್ಕೆ ಏನೂ ಆಗಿರಲಿಲ್ಲ. 6ನೆಯದು ಎದ್ದಿರಲಿಲ್ಲ, ಆದರೆ ಮಡಿಸಿದ ಕಡೆ ಬಿರುಕು ಬಿಟ್ಟಿತ್ತು, ಬೇಸಿಗೆಯ ಗದ್ದೆಯ ಹಾಗೆ.

ಅಂದರೆ ಒರಗಿತ್ತಿ ಹೇಳಿದ ಇಸ್ತ್ರಿಗೂ ಪಾಲಿತ್ತು. ದೊಡ್ಡ ಪಾಲು ಬಟ್ಟೆಯದ್ದು. ಆ ಗರಿಗರಿಯಲ್ಲೇ ಏನೋ ಇದೆ ಅಂತಾಯಿತು.

ಗಂಜಿ ಇರಬಹುದು ಅನ್ನಿಸಿತು. ಪಕ್ಕದ ಮನೆಯ ಹುಡುಗಿ ಪಿಯುಸಿ ಸೈನ್ಸ್. "ಆಂಟಿ, ಅಯೋಡಿನ್ ಹಾಕಿ ನೋಡಿ, ಗಂಜಿ ಇದ್ರೆ ನೀಲಿ ಆಗುತ್ತೆ" ಅಂದಳು. ಗಾಯಕ್ಕೆ ಹಚ್ಚುವ ಬೆಟಾಡಿನ್ ಮನೆಯಲ್ಲಿತ್ತು. ಬಟ್ಟೆಯ ಮೇಲೇ ಹಾಕಿದರೆ ಕೆಂಪಿನಲ್ಲಿ ಏನೂ ಗೊತ್ತಾಗಲಿಲ್ಲ. ಹಾಗಾಗಿ ಒಂದು ತುಂಡನ್ನು ಕುದಿಯುವ ನೀರಿಗೆ ಹಾಕಿ ಕದಡಿ, ಆ ನೀರನ್ನು ಸ್ಟೀಲ್ ಲೋಟಕ್ಕೆ ಬಗ್ಗಿಸಿ ಎರಡು ಹನಿ ಬಿಟ್ಟೆ. ಏನೂ ಆಗಲಿಲ್ಲ. ಮೇಲೆ ಕಂದು ಬಣ್ಣ ತೇಲಿ ಹೋಯಿತು. ಹುಡುಗಿಯ ಮುಖ ಸಣ್ಣಗಾಯಿತು. ಲೋಟವನ್ನು ಅಲ್ಲೇ ಕಟ್ಟೆಯ ಮೇಲೆ ಬಿಟ್ಟು ಅನ್ನಕ್ಕೆ ಇಟ್ಟೆ. ಕುಕ್ಕರ್ ಕೂಗಿ ಇಳಿಸಿ ತಿರುಗಿ ನೋಡಿದರೆ ಲೋಟದ ನೀರು ನೇರಳೆಗಪ್ಪು! ಬಿಸಿಯಲ್ಲಿ ಆ ನೀಲಿ ಬರುವುದಿಲ್ಲ, ಆರಿದ ಮೇಲೇ ಬರುವುದು ಅಂತ ಆಮೇಲೆ ಅವಳೇ ಪುಸ್ತಕ ತಂದು ತೋರಿಸಿದಳು. ಒಗೆದ ಬಟ್ಟೆಯ ತುಂಡಿಗೂ ಹಾಗೇ ಮಾಡಿದೆವು. ಆ ನೀರು ತಣ್ಣಗಾದ ಮೇಲೂ ತಿಳಿ ಕಂದಾಗಿಯೇ ಉಳಿಯಿತು.

ಮಗ್ಗದಲ್ಲಿ ಹಾಸಿನ ನೂಲು ತುಂಡಾಗದಿರಲಿ ಅಂತ ಗಂಜಿ ಹಾಕುತ್ತಾರೆ. ಬಣ್ಣ ಹಾಕುವ ಮೊದಲು ಅದನ್ನು ತೊಳೆಯುತ್ತಾರೆ. ಆದರೆ ಕೊನೆಗೆ ಬಟ್ಟೆ ತೂಕವಾಗಿ, ಗರಿಗರಿಯಾಗಿ ಕಾಣಲಿ ಅಂತ ಮತ್ತೆ ಹಾಕುವುದುಂಟು. ನಮ್ಮ ಬಣ್ಣ ಕೂತಿದ್ದು ಈ ಗಂಜಿಯ ಮೇಲೆ, ಹತ್ತಿಯ ಮೇಲೆ ಅಲ್ಲ. ಪೇಂಟಿನಲ್ಲಿ ಪುಡಿಯನ್ನು ಹಿಡಿದಿಡುವ ಅಕ್ರಿಲಿಕ್ ಅಂಟು ಇರುತ್ತದೆ. ನೀರು ಆರಿದ ಹಾಗೆ ಆ ಅಂಟಿನ ಕಣಗಳು ಒಂದಕ್ಕೊಂದು ಕೂಡಿಕೊಂಡು ಪೊರೆಯಾಗುತ್ತವೆ. ಆ ಪೊರೆ ನೂಲಿನ ಸಂದಿಗೆ ಇಳಿದು ಹಿಡಿದರೆ ಒಗೆತಕ್ಕೆ ನಿಲ್ಲುತ್ತದೆ. ಇಸ್ತ್ರಿಯ ಬಿಸಿ ಅದಕ್ಕೆ ಸಹಾಯ ಮಾಡುತ್ತದೆ. ಗಂಜಿ ಅಡ್ಡ ಇದ್ದರೆ ಇಳಿಯುವುದೇ ಇಲ್ಲ. ನೀರಿಗೆ ಹಾಕಿದ ಕೂಡಲೇ ಗಂಜಿ ಉಬ್ಬಿ ಕರಗುತ್ತದೆ, ಮೇಲಿನ ಬಣ್ಣವನ್ನೂ ಕರೆದುಕೊಂಡು ಹೋಗುತ್ತದೆ. ಪುಡಿ ಏಳುವ ಹಳೇ ಸುಣ್ಣದ ಗೋಡೆಯನ್ನು ಕೆರೆಯದೆ ಮೇಲೇ ಪೇಂಟ್ ಹೊಡೆದರೆ ಆಗುತ್ತದಲ್ಲ, ಅದೇ ಕಥೆ. ಗೆರೆ ಕತ್ತರಿಸಿ ಅಂಟಿಸಿದ ಹಾಗೆ ಚೆಂದ ಕಂಡಿದ್ದೂ ಇದರಿಂದಲೇ. ಬಣ್ಣ ಒಳಗೆ ಹೋಗಿದ್ದರೆ ತಾನೇ ಹರಡುವುದು?

ರಿಪೇರಿ

ಇಷ್ಟು ಗೊತ್ತಾಗುವಷ್ಟರಲ್ಲಿ 3 ದಿನ ಹೋಗಿತ್ತು. 6 ದಿನ ಉಳಿದಿತ್ತು.

22 ತುಂಡುಗಳದ್ದು ಸುಲಭ. ಅಂಚಿಗೆ ಜಿಗ್‌ಜಾಗ್ ಹೊಡೆದು ಬಿಸಿನೀರಲ್ಲಿ ಎರಡು ಸಲ ಒಗೆದು, ಒಣಗುವ ಮೊದಲೇ ಇಸ್ತ್ರಿ ಹಾಕಿ ಒಣಗಿಸಿದೆ. ಉದ್ದದಲ್ಲಿ ಅರ್ಧ ಇಂಚು ಕುಗ್ಗಿದವು. "ಒಗೆಯೋದೇ ಬೇಡ" ಅಂದಿದ್ದರಲ್ಲ! ಈ ಸಲ ಹೊಲಿಯುವ ಮೊದಲೇ ಚಪ್ಪಟೆ ತುಂಡಿನ ಮೇಲೆ ಬರೆದೆ. ಹೊಲಿದ ಚೀಲದ ಮೇಲೆ ಬರೆಯುವುದಕ್ಕಿಂತ ಎಷ್ಟೋ ಹಗುರ. ಮೊದಲೇ ಯಾಕೆ ಹೊಳೆಯಲಿಲ್ಲವೋ.

ಹೊಲಿದು ಬರೆದಿದ್ದ ಉಳಿದ 25 ಚೀಲಗಳದ್ದೇ ಕಷ್ಟ. ಹಾಗೇ ಕೊಟ್ಟುಬಿಡು, ಯಾರು ಒಗೆಯುತ್ತಾರೆ ಅಂತ ನಮ್ಮ ಮನೆಯವರು ಹೇಳಿದರು. ಒಗೆಯುವುದಕ್ಕೆ ಆಗದ ಚೀಲ ಕೊಡುವುದಾದರೆ ಆ ಪ್ಲಾಸ್ಟಿಕ್ಕೇ ಸಾಕಿತ್ತು. ದೊಡ್ಡ ಬೋಗುಣಿಯಲ್ಲಿ ಬಿಸಿನೀರು ಮಾಡಿ ಅಷ್ಟನ್ನೂ ಮುಳುಗಿಸಿದೆ. ಬಟ್ಟೆ ಉಜ್ಜುವ ಬ್ರಷ್ಷಿನಲ್ಲಿ ಚಿತ್ತಾರವನ್ನು ಕೆರೆದು ತೆಗೆಯುವುದು, ನಾನೇ ಬರೆದದ್ದು, ನನ್ನ ಕೈಯಿಂದಲೇ. ಎರಡು ಚೀಲ ಆದ ಮೇಲೆ ಬ್ರಷ್ಷನ್ನು ಒರಗಿತ್ತಿಗೆ ಕೊಟ್ಟು ಅಡುಗೆಮನೆಗೆ ಹೋದೆ.

ಆದರೆ ಒಂದು ಒಳ್ಳೆಯದಾಯಿತು. ಎಷ್ಟು ಉಜ್ಜಿದರೂ ನೂಲಿನ ಸಂದಿಯಲ್ಲಿ ಮಸುಕಾಗಿ ಗೆರೆಯ ನೆರಳು ಉಳಿಯಿತು. ಉಳಿದದ್ದು ಅಂದರೆ ಗಟ್ಟಿಯಾಗಿ ಹಿಡಿದದ್ದು ಅಂತಲೇ ಲೆಕ್ಕ. ಅದರ ಮೇಲೆಯೇ ಮತ್ತೆ ಬರೆದೆವು. ಚಾಕ್‌ಪೀಸು ಬೇಡ, ಅಳತೆ ಬೇಡ, ಕಾಪಿ ಪುಸ್ತಕದ ಚುಕ್ಕಿ ಅಕ್ಷರ ತಿದ್ದಿದ ಹಾಗೆ. ಒರಗಿತ್ತಿ ಹುಟ್ಟಿದಾರಭ್ಯ ಚಿತ್ತಾರ ಬರೆದವಳಲ್ಲ, ಅವಳೂ 8 ಚೀಲ ತಿದ್ದಿದಳು. ನೋಡಿದವರಿಗೆ ಯಾವುದು ಯಾರದ್ದು ಅಂತ ತಿಳಿಯುವುದಿಲ್ಲ. ನನಗೆ ತಿಳಿಯುತ್ತದೆ. ಅವಳ ಗೆರೆ ನನ್ನದಕ್ಕಿಂತ ನಿಧಾನ, ಹಾಗಾಗಿ ಮೂಲೆ ಕೂಡುವ ಕಡೆ ಚೊಕ್ಕ.

3 ಚೀಲ ಕೈಬಿಟ್ಟೆ. ಬಟ್ಟೆ ಕುಗ್ಗಿತು, ಹೊಲಿದ ಪಾಲಿಯೆಸ್ಟರ್ ದಾರ ಕುಗ್ಗಲಿಲ್ಲ, ಹೊಲಿಗೆಯ ಉದ್ದಕ್ಕೂ ನಿರಿಗೆ ಬಿದ್ದು ಹಿಡಿಕೆ ಸೊಟ್ಟಗಾಗಿತ್ತು. ಉಳಿದವುಗಳಲ್ಲೂ ಸ್ವಲ್ಪ ನಿರಿಗೆ ಇತ್ತು, ಇಸ್ತ್ರಿಯಲ್ಲಿ ಎಳೆದು ಸರಿ ಮಾಡಿದೆ. ಆ 3ಕ್ಕೂ ನಾದಿನಿಯ ಸ್ಯಾಂಪಲ್ಲಿಗೂ ಬದಲು ಮತ್ತೊಂದು ಮೀಟರ್ ತಂದು 4 ಹೊಸದು ಮಾಡಿದೆ. ಬರೆದ ಮೇಲೆ ಒಂದು ಪೂರ್ತಿ ದಿನ ಫ್ಯಾನಿನ ಕೆಳಗೆ, ಆಮೇಲೆ ಚೀಲ ತಿರುವಿ ಹಿಂಬದಿಯಿಂದ 3 ನಿಮಿಷ ಇಸ್ತ್ರಿ. ಮೂರು ದಿನ ನೀರು ತಾಗಿಸಬೇಡಿ ಅಂತ ಚೀಟಿಯ ಹಿಂದೆ ಬರೆದೆ. ಕೊನೆಯ ನಾಲ್ಕು ಚೀಲ ಗೃಹಪ್ರವೇಶದ ಹಿಂದಿನ ರಾತ್ರಿ 11 ಗಂಟೆಗೆ ಮುಗಿದವು.

ಲೆಕ್ಕ

ಇದನ್ನು ಯಾರೂ ಹೇಳುವುದಿಲ್ಲ, ನಾನು ಹೇಳಿಬಿಡುತ್ತೇನೆ. ಬಟ್ಟೆ 15 ಮೀಟರ್, ಮೀಟರಿಗೆ 140ರಂತೆ 2,100. ಪೆನ್ನು 10, ಒಂದಕ್ಕೆ 210ರಂತೆ 2,100. ಬಿಳಿ 6, ಕಪ್ಪು 2, ಹಳದಿ 2. ದಾರ, ಚೀಟಿ 200. ಒಟ್ಟು 4,400. ಬಂದಿದ್ದು 9,000. ಎಲ್ಲ ಸರಿಯಾಗಿದ್ದರೆ 4,600 ಉಳಿಯುತ್ತಿತ್ತು. ಹೊಲಿಗೆ, ಬರವಣಿಗೆ ಸೇರಿ ಚೀಲಕ್ಕೆ ಒಂದು ಗಂಟೆ, 60 ಗಂಟೆ. ಗಂಟೆಗೆ 76 ರೂಪಾಯಿ ಚಿಲ್ಲರೆ.

ಎಡವಟ್ಟಿನ ಮೇಲೆ ಇನ್ನೂ 5 ಬಿಳಿ ಪೆನ್ನು 1,050, ಒಂದು ಮೀಟರ್ ಬಟ್ಟೆ 140. ಉಳಿದಿದ್ದು 3,410. ಗಂಟೆಗಳು 82. ಗಂಟೆಗೆ 41 ರೂಪಾಯಿ ಚಿಲ್ಲರೆ. ಒರಗಿತ್ತಿಯ ಗಂಟೆಗಳನ್ನು ಇದರಲ್ಲಿ ಸೇರಿಸಿಲ್ಲ. ಅವಳು ದುಡ್ಡು ಬೇಡ ಅಂದಳು, ನಾಲ್ಕು ಸೀರೆಗೆ ಫಾಲ್ಸ್ ಹಚ್ಚಿ ಕೊಟ್ಟೆ. ಮೊದಲೇ 15 ಮೀಟರನ್ನೂ ಒಗೆದಿದ್ದರೆ ಖರ್ಚಾಗುತ್ತಿದ್ದುದು ಎರಡು ಬಕೆಟ್ ಬಿಸಿನೀರು. ಮತ್ತೆ ಮಳೆಯಲ್ಲಿ ಒಣಗಿಸುವ ಎರಡು ದಿನ.

150 ರೂಪಾಯಿ ಕಡಿಮೆಯಾಯಿತು ಅಂತ ಆಗಲೇ ಗೊತ್ತಿತ್ತು. ನಾದಿನಿ ಅಲ್ವಾ. ಈಗ ಹೊರಗಿನವರಿಗೆ 220 ಹೇಳುತ್ತೇನೆ. ಅರ್ಧ ಜನ ಎದ್ದು ಹೋಗುತ್ತಾರೆ.

ಎಂಟು ತಿಂಗಳಾದ ಮೇಲೆ

ಗೃಹಪ್ರವೇಶಕ್ಕೆ ಬಂದವರಲ್ಲಿ ನಮ್ಮ ಕಡೆಯವರ ಮನೆಗೆ ಹೋದಾಗಲೆಲ್ಲ ಚೀಲ ಎಲ್ಲಿದೆ ಅಂತ ಕಣ್ಣು ಹಾಯಿಸುತ್ತೇನೆ. ಏಳೆಂಟು ಸಿಕ್ಕಿವೆ. ಗೆರೆ ಸಿಪ್ಪೆ ಎದ್ದಿದ್ದು ಒಂದರಲ್ಲೂ ಇಲ್ಲ. ಆದರೆ ತಳ ಮಡಿಸುವ ಕಡೆ ಎಲ್ಲದರಲ್ಲೂ ಸವೆದಿದೆ. ಅಲ್ಲಿ ಇನ್ನು ಮುಂದೆ ಬರೆಯುವುದಿಲ್ಲ, ಪಟ್ಟಿಯನ್ನು ಒಂದೂವರೆ ಇಂಚು ಮೇಲೆ ನಿಲ್ಲಿಸುತ್ತೇನೆ. ಇನ್ನೊಂದು ತಮಾಷೆ: ಚಿಕ್ಕಮ್ಮನ ಮನೆಯ ಚೀಲದಲ್ಲಿ ಹಳದಿ ಗೆರೆ ಹಾಗೇ ಇದೆ, ಅರಿಶಿನದ ಕಲೆ ಅದರ ಸುತ್ತ ಹರಡಿ, ಯಾವುದು ಚಿತ್ತಾರ ಯಾವುದು ತಾಂಬೂಲ ಅಂತ ಗೊತ್ತಾಗುವುದಿಲ್ಲ.

ತವರಿಗೆ ಹೋದಾಗ ಅಜ್ಜಿಗೂ ಒಂದು ಒಯ್ದಿದ್ದೆ. ಕಣ್ಣಿಗೆ ಹತ್ತಿರ ಹಿಡಿದು, ಬೆರಳಲ್ಲಿ ಎಳೆ ಎಳೆಯಾಗಿ ಮುಟ್ಟಿ ನೋಡಿದರು. ಒರಗಿತ್ತಿ ತಿದ್ದಿದ ಚೀಲ ಅದು. "ಮೂಲಿ ಚೊಲೊ ಕೂಡ್ಯದೆ" ಅಂದರು. ನಾನು ಸುಮ್ಮನಿದ್ದೆ.

ಮೊನ್ನೆ ಇನ್ನೊಂದು ಆರ್ಡರಿಗೆ ಬಟ್ಟೆ ತರಲು ಪೇಟೆಗೆ ಹೋಗಿದ್ದೆ. ಪರ್ಸಿನಲ್ಲಿ ನೀರಿನ ಸಣ್ಣ ಬಾಟಲಿ ಇಟ್ಟುಕೊಂಡಿರುತ್ತೇನೆ ಈಗ. ಥಾನಿನ ತುದಿ ಎಳೆದು ಮೇಲೆ ಒಂದು ಹನಿ ಬಿಟ್ಟೆ. ಕೆಸುವಿನ ಎಲೆಯ ಮೇಲೆ ನಿಂತ ಹಾಗೆ ಗುಂಡಗೆ ನಿಂತಿತು. ಮೂವತ್ತು ಎಣಿಸಿದೆ, ಇಳಿಯಲಿಲ್ಲ.

"ಏನ್ ನೋಡ್ತಿದೀರಾ ಮೇಡಂ? ಬಣ್ಣ ಗ್ಯಾರಂಟಿ" ಅಂದರು ಅಂಗಡಿಯವರು.

"ಬಣ್ಣ ಅಲ್ಲ ಅಣ್ಣ. ಇದನ್ನ ಎಷ್ಟು ಸಲ ಒಗೀಬೇಕು ಅಂತ ನೋಡ್ತಿದೀನಿ" ಅಂದೆ. 8 ಮೀಟರ್ ಹರಿಸಿಕೊಂಡು ಬಂದೆ. ಈಗ ಬಚ್ಚಲಲ್ಲಿ ನೆನೆಯುತ್ತಿದೆ, ಎರಡನೇ ನೀರು.